ಕಾರು ಹುಟ್ಟುವ ಊರಿನ ಹಗ್ಗ

ಮಿಯಾಪುರ, ನೆಲಮಾಳಿಗೆ

ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಜಗಳಕ್ಕೆ ಯಾವತ್ತೂ ಬರವಿಲ್ಲ. ಒಂದು ದಿನ ನೀರಿನ ಟ್ಯಾಂಕರು, ಇನ್ನೊಂದು ದಿನ ನಾಯಿ, ಮತ್ತೊಂದು ದಿನ ಯಾರದೋ ಸ್ಕೂಟರು ಯಾರದೋ ಜಾಗದಲ್ಲಿ. ಈ ವರ್ಷ ಹೊಸದೊಂದು ಸೇರಿತು. ಆ ಎತ್ತರದ ಕಾರು ಇದೆಯಲ್ಲ, ಎಸ್‌ಯುವಿ ಅಂತಾರೆ, ಹೈದರಾಬಾದಿನಲ್ಲಿ ಈಗ ಎತ್ತ ತಿರುಗಿದರೂ ಅದೇ. ನಮ್ಮ ಬ್ಲಾಕಿನಲ್ಲೇ ಸಾಲಾಗಿ ನಿಂತಿವೆ. ಅದು ತಯಾರಾಗುವುದು ಎಲ್ಲಿ ಎಂಬುದೇ ಜಗಳ. ಮೇಲಿನ ಮನೆಯವರು "ಪಕ್ಕಾ ಜಪಾನ್" ಎಂದರೆ ಎದುರು ಮನೆಯ ಖಾನ್ ಸಾಹೇಬರು "ಅರೆ ಛೋಡೋ ಭಾಯ್, ಸಬ್ ಯಹೀಂ ಬನ್ತಾ", ಎಲ್ಲ ಇಲ್ಲೇ ತಯಾರು, ಎನ್ನುತ್ತಿದ್ದರು. ಇಬ್ಬರೂ ತೀರ್ಪಿಗೆ ನನ್ನ ಮುಖ ನೋಡಿದರು.

ಕಾರಿನ ವಿಷಯದಲ್ಲಿ ನಾನು ಪೂರಾ ದಡ್ಡಿ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತಳಾದವಳು ನಾನು. ಲಿಂಗಸುಗೂರಿನ ಕಡೆಯಿಂದ ನಮ್ಮ ಮಾವನವರು ಈ ಊರಿಗೆ ಬಂದ ಮೇಲೆ ನಮ್ಮದೆಲ್ಲ ಇಲ್ಲೇ. ಆದರೂ ಅವರು ನನ್ನನ್ನು ಕೇಳಿದ್ದಕ್ಕೆ ಕಾರಣವಿತ್ತು. ನನ್ನ ಸೊಸೆ ರೂಪಾ ಆಗ ಜಪಾನಿನಲ್ಲಿ, ಅದೇ ಕಾರು ತಯಾರಾಗುವ ಕಾರ್ಖಾನೆಯಲ್ಲಿ, ಬಾಗಿಲು ಜೋಡಿಸುವ ಕೆಲಸ ಕಲಿಯುತ್ತಿದ್ದಳು.

ಅವಳ ಕಂಪನಿಯ ಕಾರ್ಖಾನೆ ಹೈದರಾಬಾದಿನ ಹೊರವಲಯದಲ್ಲಿದೆ. ಅಲ್ಲಿ ಈ ಕಾರಿನ ಬಾಗಿಲುಗಳಿಗಾಗಿಯೇ ಹೊಸ ಜೋಡಣಾ ಲೈನು ಬರುವುದಿತ್ತು. ಜಪಾನಿನ ಮೇಲ್ವಿಚಾರಕರು ತರಬೇತಿಯ ಕೊನೆಗೆ "ಆಗಬಹುದು" ಎಂದರೆ ಆ ಲೈನಿಗೆ ರೂಪಾನೇ ಮುಖ್ಯಸ್ಥೆ. ಇಲ್ಲ ಎಂದರೆ ಮತ್ತೆ ಕೊಂಡಾಪುರದ ಆಫೀಸು, ಮತ್ತೆ ಕಂಪ್ಯೂಟರಿನ ಮುಂದೆ ಕುಳಿತು ಬೇರೆಯವರ ಕೆಲಸದ ವರದಿ ಬರೆಯುವುದು. ಆ ಕಂಪನಿಯಲ್ಲಿ ಹೆಂಗಸಿನ ಕೈಗೆ ಲೈನು ಕೊಟ್ಟ ದಾಖಲೆಯೇ ಇಲ್ಲ. ಮದುವೆಯಾಗಿ ಬಂದಾಗಿನಿಂದ ಹುಡುಗಿ ಇದೊಂದನ್ನೇ ಬಯಸಿದ್ದಳು, ಬಂಗಾರ ಕೇಳಲಿಲ್ಲ, ಸೀರೆ ಕೇಳಲಿಲ್ಲ.

ತರಬೇತಿಯ ಕೊನೆಯ ವಾರ ಮನೆಯವರೊಬ್ಬರು ಬಂದು ಕಾರ್ಖಾನೆ ನೋಡಬಹುದು ಎಂದು ಅಲ್ಲಿಂದ ಕರೆ ಬಂತು. ಮಗನಿಗೆ ರಜೆ ಸಿಗಲಿಲ್ಲ. ನಮ್ಮ ಯಜಮಾನರು ವಿಮಾನವೆಂದ ಕೂಡಲೇ, "ನಡುವ ಇಳೀಬೇಕಂದ್ರ ಇಳಿಯಾಕ ಬರಂಗಿಲ್ಲ, ಅಂಥಾ ಗಾಡಿ ನಾ ಹತ್ತಂಗಿಲ್ಲ" ಎಂದು ಪೇಪರಿನಲ್ಲಿ ಮುಖ ಮುಚ್ಚಿಕೊಂಡರು.

"ಹಂಗಾದ್ರ ನಾ ಹೊಂಟೆ" ಎಂದೆ. ಪೇಪರು ಕೆಳಗಿಳಿಯಿತು.

ನಗೋಯಾದಿಂದಾಚೆ, ಊರ ಬಸ್ಸು

ವಿಮಾನದ ಕಥೆ ಹೇಳುವುದಿಲ್ಲ, ಎಲ್ಲರೂ ಹೇಳಿಯಾಗಿದೆ. ನಗೋಯಾದಲ್ಲಿ ಇಳಿದಾಗ ರೂಪಾ ಓಡಿ ಬಂದು ಕಾಲಿಗೆ ಬಿದ್ದಳು, ಆಮೇಲೆ ನನ್ನ ಚೀಲಕ್ಕೆ ಮೂಗು ಹಚ್ಚಿ, "ಶೇಂಗಾ ಹಿಂಡಿ ತಂದೀರಿ ಹೌದಲ್ರಿ ಅತ್ತಿ?" ಎಂದಳು. ಕಾಲಿಗಿಂತ ಆ ಚಟ್ನಿಪುಡಿಯ ಮೇಲೇ ಅವಳ ಭಕ್ತಿ ಹೆಚ್ಚು. ಮೈಯಲ್ಲಿ ತುಸು ಇಳಿದಿದ್ದಳು. ಊಟದ ತೊಂದರೆ ಇರಬೇಕು ಎಂದುಕೊಂಡೆ. ಆ ದೇಶದಲ್ಲಿ ಬರೀ ಸಾರು ಕೇಳಿದರೂ ಅದರಲ್ಲೊಂದು ಮೀನು ಈಜಿ ಹೋಗಿರುತ್ತದೆ.

ಕಾರ್ಖಾನೆಯ ಊರಿಗೆ ರೈಲಿಳಿದ ಮೇಲೆ ಬಸ್ಸು. ಬಸ್ಸು ಕಂಡರೆ ನನ್ನ ಜೀವ ಅರಳುತ್ತದೆ, ಹತ್ತಿದೆ, ಸುತ್ತ ನೋಡಿದೆ. ಕಂಡಕ್ಟರೇ ಇಲ್ಲ! ಹಿಂದಿನ ಬಾಗಿಲಲ್ಲಿ ಹತ್ತುತ್ತಾರೆ, ಮುಂದಿನ ಬಾಗಿಲಲ್ಲಿ ಇಳಿಯುವಾಗ ಡ್ರೈವರಿನ ಪಕ್ಕದ ಪೆಟ್ಟಿಗೆಯಲ್ಲಿ ತಾವಾಗಿ ದುಡ್ಡು ಹಾಕುತ್ತಾರೆ. ನಮ್ಮ ಅಮೀರ್‌ಪೇಟೆಯಲ್ಲಿ ಹೀಗೊಂದು ಪೆಟ್ಟಿಗೆ ಇಟ್ಟರೆ ಸಂಜೆಯ ಹೊತ್ತಿಗೆ ಪೆಟ್ಟಿಗೆಯೂ ಇರುವುದಿಲ್ಲ. ಬಸ್ಸು ತುಂಬ ಜನ, ಒಬ್ಬರೂ ಮಾತಾಡುವುದಿಲ್ಲ. ಯಾರೋ ಸತ್ತ ಮನೆಗೆ ಹೊರಟವರ ಹಾಗೆ ಕುಳಿತಿದ್ದಾರೆ.

ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಮುದುಕಿ. ಗುಂಡಿ ಒತ್ತಿದಳು, ಮೇಲೆ ದೀಪ ಹತ್ತಿತು, ಅವಳ ಸ್ಟಾಪು ಹತ್ತಿರ ಬಂತು, ಮುದುಕಿ ಮಾತ್ರ ಕುಳಿತೇ ಇದ್ದಾಳೆ. ಮರೆತಳು ಎಂದುಕೊಂಡೆ. ಹಳೆಯ ರೂಢಿ, ಕೈ ಸುಮ್ಮನಿರಲಿಲ್ಲ. ಓಡುವ ಬಸ್ಸಿನಲ್ಲೇ ಎದ್ದು ಅವಳ ಮೊಣಕೈ ಹಿಡಿದು, "ಏಳ್ರೀ ಅಮ್ಮಾ, ಏಳ್ರಿ, ನಿಮ್ಮ ಸ್ಟಾಪ್ ಬಂತು!" ಎಂದು ಬಾಗಿಲಿನ ಕಡೆ ಎಬ್ಬಿಸತೊಡಗಿದೆ. ಡ್ರೈವರು ಮೈಕಿನಲ್ಲಿ ಮೃದುವಾಗಿ ಏನೋ ಹೇಳಿದ. ಬಸ್ಸಿಗೆ ಬಸ್ಸೇ ನನ್ನನ್ನು ನೋಡಿತು.

ರೂಪಾ ನನ್ನ ಸೆರಗು ಜಗ್ಗಿದಳು. "ಅತ್ತಿ, ಕೂಡ್ರಿ! ಗಾಡಿ ಪೂರಾ ನಿಂತ ಮ್ಯಾಲೇ ಏಳಬೇಕಂತ ಹೇಳಾಕತ್ತಾನ."

"ನಿಂತ ಮ್ಯಾಲೆ ಎದ್ದು ಯಾವಾಗ ಇಳೀತಾರ? ಡ್ರೈವರ್ ಕಾಯತಾನೇನು?"

"ಕಾಯತಾನ್ರಿ."

ಕಾದ. ಬಸ್ಸು ನಿಂತಿತು, ಮುದುಕಿ ಎದ್ದಳು, ಚೀಲ ಸರಿಮಾಡಿಕೊಂಡಳು, ನನಗೆ ಬಾಗಿ ವಂದಿಸಿ ಅಂಗೈಯಲ್ಲಿ ಒಂದು ಪೆಪ್ಪರಮಿಂಟು ಇಟ್ಟಳು, ನಿಧಾನವಾಗಿ ಇಳಿದು ಹೋದಳು. ಒಬ್ಬರೂ ಗಡಿಯಾರ ನೋಡಲಿಲ್ಲ. ನಮ್ಮಲ್ಲಿ ಬಸ್ಸು ತುಸು ಮೆಲ್ಲಗಾದರೆ ಸಾಕು, ಜನ ಜೋಳದ ಚೀಲದ ಹಾಗೆ ಉದುರುತ್ತಾರೆ. ನಾನು ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡು ಸುಮ್ಮನೆ ಕುಳಿತೆ.

ಕಾರ್ಖಾನೆ, ಮೊದಲ ದಿನ

ಕಾರ್ಖಾನೆ ಎಂದರೆ ಹೊಗೆ, ಎಣ್ಣೆ, ಗದ್ದಲ ಎಂದು ತಿಳಿದಿದ್ದೆ. ಇದು ನಮ್ಮ ಅಡುಗೆಮನೆಗಿಂತ ಸ್ವಚ್ಛ. ಗೇಟಿನಲ್ಲೇ ರೂಪಾಳ ಮೇಲ್ವಿಚಾರಕರು ಮೊರಿತಾ ಕಾದಿದ್ದರು. ತೆಳ್ಳನೆಯ ಮನುಷ್ಯ, ಬೂದು ಟೋಪಿ, ಕಿವಿಯ ಮೇಲೊಂದು ಪೆನ್ಸಿಲ್, ಥೇಟ್ ನಮ್ಮ ಊರಿನ ಬಡಿಗೇರ ಮಾಮನ ಹಾಗೆ. ಅವರು ಬಾಗಿದರು, ನಾನು ಕೈ ಮುಗಿದೆ, ಅವರು ಮತ್ತೆ ಬಾಗಿದರು, ನಾನು ಮತ್ತೆ ಮುಗಿದೆ. ರೂಪಾ ನಡುವೆ ಬಾರದಿದ್ದರೆ ಈಗಲೂ ಅಲ್ಲೇ ಇರುತ್ತಿದ್ದೆವು. ಅಲ್ಲಿ ಎಲ್ಲರ ಹೆಸರಿಗೂ ಒಂದು 'ಸಾನ್' ಹಚ್ಚುತ್ತಾರೆ, ನಮ್ಮ 'ರೀ' ಇದ್ದ ಹಾಗೆ. ಮೊರಿತಾ-ಸಾನ್, ರೂಪಾ-ಸಾನ್. ನನ್ನ ಸೊಸೆಯನ್ನು ಅಷ್ಟು ಮರ್ಯಾದೆಯಿಂದ ಕರೆಯುವುದು ಕೇಳಿ ನನಗೆ ಖುಷಿಯೋ ಖುಷಿ.

ನೆಲಮಾಳಿಗೆಯ ಜಗಳವನ್ನು ಮೊದಲು ಮುಂದಿಟ್ಟೆ. ರೂಪಾ ನಕ್ಕಳು. "ಇಬ್ಬರದೂ ಖರೇನ ರೀ ಅತ್ತಿ. ಇಲ್ಲಿ ಮಾಡಿದ್ದು ಬ್ಯಾರೆ ದೇಶಕ್ಕ ಹೋಗತೈತಿ. ನಮ್ಮ ಮಂದಿ ಓಡಸೂದನ್ನ ನಮ್ಮ ದೇಶದಾಗ ಜೋಡಸ್ತಾರ. ಇನ್ನ ಮುಂದ ಅದರ ಬಾಗಲಾ ನಮ್ಮ ಹೈದರಾಬಾದಿಂದ."

ಭೇಟಿಗೆ ಬಂದವರ ಕೋಣೆಯಲ್ಲಿ, ತಲೆಯ ಮೇಲೆ, ಬಟ್ಟೆ ಒಣಹಾಕುವ ಹಾಗೆ ಉದ್ದಕ್ಕೆ ಒಂದು ಹಗ್ಗ ಕಟ್ಟಿದ್ದರು. ಒಳಗೆ ಲೈನಿನ ಉದ್ದಕ್ಕೂ ಇಂಥದೇ ಇದೆಯಂತೆ, ಇದು ತೋರಿಸಲಿಕ್ಕೆ. ಕೆಲಸ ಮಾಡುವವರಿಗೆ ಏನಾದರೂ ತಪ್ಪು ಕಂಡರೆ, ಕಾಣದಿದ್ದರೂ ಅನುಮಾನ ಬಂದರೆ, ಯಾರಾದರೂ ಸರಿ, ನಿನ್ನೆ ಸೇರಿದವನಾದರೂ ಸರಿ, ಹಗ್ಗ ಎಳೆಯಬೇಕು. ಒಂದು ಹಾಡು ಬರುತ್ತದೆ, ಹಳದಿ ದೀಪ ಹತ್ತುತ್ತದೆ, ಗುಂಪಿನ ಮುಖ್ಯಸ್ಥ ಓಡಿ ಬರುತ್ತಾನೆ. ಮೆಲ್ಲಗೆ ಸಾಗುತ್ತಿರುವ ಕಾರು ನೆಲದ ಮೇಲಿನ ಗೆರೆ ದಾಟುವುದರೊಳಗೆ ಸರಿಯಾಯಿತೋ, ಇನ್ನೊಮ್ಮೆ ಎಳೆದರೆ ಕೆಲಸ ಮುಂದೆ. ಇಲ್ಲವೋ, ಇಡೀ ಲೈನೇ ನಿಲ್ಲುತ್ತದೆ.

ನನಗೆ ಮೈ ಜುಮ್ಮೆಂದಿತು. ಅಲ್ಲ, ಇದು ನಮ್ಮ ಹಳೆಯ ಬಸ್ಸಿನ ಹಗ್ಗವೇ! ಹಗ್ಗ ಜಗ್ಗಿ ಒಂದು ಸಲ ಗಂಟೆ ಹೊಡೆದರೆ ನಿಲ್ಲು, ಎರಡು ಸಲ ಹೊಡೆದರೆ ರೈಟ್. ಕೇಳದೇ ಕೈ ಹಾಕಿ ಎಳೆದೆ. ಮಕ್ಕಳ ಆಟಿಕೆಯ ಹಾಡು ಬಂತು. ಇನ್ನೊಮ್ಮೆ ಎಳೆದು "ರೈಟ್, ರೈಟ್!" ಎಂದೆ. ಮೊರಿತಾ ಚಪ್ಪಾಳೆ ತಟ್ಟಿ, ಆಮೇಲೆ ರೂಪಾಳ ಕಡೆ ತಿರುಗಿ ತುಂಬ ಹೊತ್ತು ಮಾತಾಡಿದರು. ದನಿ ಮೆತ್ತಗಿತ್ತು, ನಗು ಇರಲಿಲ್ಲ.

"ಏನಂತಾರ?"

"ನಾ ಭಾಳ ಚೊಲೋ ಕಲಿಯಾಕತ್ತೀನಂತ" ಎಂದಳು ರೂಪಾ, ಕಿಟಕಿಯಾಚೆ ನೋಡುತ್ತ.

ಜೀವಮಾನವೆಲ್ಲ ಬಸ್ಸಿನಲ್ಲಿ ಮುಖ ನೋಡಿದವಳು ನಾನು. ಪಾಸು ಇದ್ದವರು ನನ್ನ ಮುಖ ನೋಡಿ "ಪಾಸ್" ಅನ್ನುತ್ತಾರೆ, ಇಲ್ಲದವರು ಕಿಟಕಿ ನೋಡಿ ಅನ್ನುತ್ತಾರೆ. ಅಷ್ಟುದ್ದದ ಮಾತಿಗೆ ಇಷ್ಟೇ ಅರ್ಥವೇ? ಆದರೆ ಪರರ ಮುಂದೆ ಮನೆಯ ಹುಡುಗಿಯನ್ನು ಕೆದಕಬಾರದು, ಸುಮ್ಮನಾದೆ.

ಅದೇ ಸಂಜೆ, ರೊಟ್ಟಿ

ರೂಪಾಳ ಕೋಣೆ ಹಾಸ್ಟೆಲಿನದು, ಕಾಲು ಚಾಚಿದರೆ ಗೋಡೆ. ಹುಡುಗಿ ಇಳಿದು ಹೋಗಿದ್ದಾಳೆ, ಬಿಸಿ ರೊಟ್ಟಿ ತಿನ್ನಲಿ ಎಂದು ನಾನು ತಂದ ಜೋಳದ ಹಿಟ್ಟು ನಾದಿ, ಅವಳ ಪುಟ್ಟ ಒಲೆಯ ಮೇಲೆ ತವೆ ಇಟ್ಟೆ. ಮೊದಲ ರೊಟ್ಟಿ ಉಬ್ಬಿತು. ಎರಡನೆಯದು ತುಸು ಹೊತ್ತಿತು, ಹೊಗೆ ಎದ್ದಿತು. ಅಷ್ಟೇ ನೋಡಿ, ಇಡೀ ಕಟ್ಟಡ ಬೊಬ್ಬೆ ಹೊಡೆಯತೊಡಗಿತು! ಗಂಟೆ, ಕೆಂಪು ದೀಪ, ಜಪಾನಿ ಭಾಷೆಯಲ್ಲಿ ಅಶರೀರವಾಣಿ. ಎಲ್ಲ ಕೋಣೆಗಳ ಹುಡುಗಿಯರೂ ಚಪ್ಪಲಿ ಮೆಟ್ಟಿಕೊಂಡು ಸಾಲಾಗಿ ಅಂಗಳಕ್ಕಿಳಿದರು. ನಾನು ಹಿಟ್ಟಿನ ಕೈಯಲ್ಲೇ ಇಳಿದೆ. ಅಯ್ಯೋ ಶಿವನೇ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕಟ್ಟಡ ನೋಡಿಕೊಳ್ಳುವ ಯಜಮಾನರು ಬಂದರು, ಕೋಣೆಗೆ ಹೋಗಿ ನೋಡಿ ಬಂದರು, ನನ್ನ ಮುಂದೆ ಬಾಗಿ ಎರಡು ಮಾತು ಹೇಳಿ ಹೋದರು. ಹುಡುಗಿಯರೂ ಗೊಣಗದೆ ಒಳಗೆ ಹೋದರು.

"ಬೈದ್ರೇನು?"

"ಇಲ್ರಿ. ಗಂಟಿ ಸರಿ ಕೆಲಸಾ ಮಾಡತೈತಂತ ಗೊತ್ತಾತು, ಚೊಲೋ ಆತು ಅಂದ್ರು."

ನನಗೆ ನಗು ಬಂತು. ರೂಪಾಳಿಗೆ ಬರಲಿಲ್ಲ. ಕೋಣೆಗೆ ಬಂದು ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡೇ ಕುಳಿತಳು. ಇದೇ ಹೊತ್ತು ಎಂದು ಕೇಳಿದೆ.

"ಖರೆ ಹೇಳವ್ವಾ. ಮೊರಿತಾ ಏನಂದ್ರು?"

ಹಿಂಡಿಯನ್ನು ಬೆರಳಲ್ಲಿ ಆಡಿಸುತ್ತ ಹೇಳಿದಳು. "ರೂಪಾ-ಸಾನ್ ಎಲ್ಲಾ ಕಲಿತಾಳ. ಆದ್ರ ಬಂದಾಗಿಂದ ಒಂದ ಸಲನೂ ಹಗ್ಗ ಎಳದಿಲ್ಲ. ಹಗ್ಗ ಎಳೀಲಾರದಾಕಿ ಕೈಯಾಗ ಒಂದು ಲೈನ್ ಹ್ಯಾಂಗ ಕೊಡೂದು ಅಂದ್ರು. ಶುಕ್ರವಾರ ನಂದು ಕಡೀ ಪಾಳಿ. ಅದು ನೋಡಿ ಬರದು ಕೊಡತಾರಂತ."

ನನಗೆ ರೇಗಿತು. "ತಪ್ಪಿಲ್ಲದಂಗ ಕೆಲಸಾ ಮಾಡೂದೂ ತಪ್ಪೇನು? ಎಂಥಾ ಮನಷ್ಯಾ ಅಂವ!"

"ತಪ್ಪು ಬರತಾವ್ರಿ ಅತ್ತಿ, ಎಲ್ಲಾರಿಗೂ ಬರತಾವ. ಬಂದಾಗ ನಾ ಗಾಡಿ ಜೋಡಿ ಓಡಿಕೋತ ಹೋಗಿ ಸರಿ ಮಾಡತೀನಿ. ಮುಂದಿನಾಕಿಗೆ ಕಣ್ಣಸನ್ನಿ ಮಾಡತೀನಿ, ಆಕಿ ತುಸು ಅಡ್ಜಸ್ಟ್ ಮಾಡಕೋತಾಳ. ನಾ ಇದನ್ನ ಚುರುಕು ಅಂತ ತಿಳದಿದ್ದೆ. ಅವರು ಮುಚ್ಚಿಡೂದು ಅಂತಾರ."

ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು ಮತ್ತೆ ಹೇಳಿದಳು. "ನಮ್ಮ ಕಂಪನ್ಯಾಗ ಒಮ್ಮೆ ಒಬ್ಬಾಕಿ ಲೈನ್ ನಿಲ್ಲಿಸಿದ್ಳು. ಮ್ಯಾನೇಜರ್ 'ಎವರು ಆಪಿನ್ರು, ಎವರು ಆಪಿನ್ರು' ಅಂತ ಒದರಕೋತ ಬಂದ. ಯಾರು ನಿಲ್ಲಿಸಿದ್ರು ಅಂತ ಕೇಳಿದ, ಯಾಕ ಅಂತ ಕೇಳಲಿಲ್ಲ. ಎಲ್ಲಾರ ಮುಂದ ಆಕಿ ನಿಂತು ಅತ್ತಳು. ಇಲ್ಲಿ ಯಾರೂ ಬೈಯಂಗಿಲ್ಲಂತ ಗೊತ್ತೈತ್ರಿ. ಗೊತ್ತಿದ್ರೂ ಕೈ ಮ್ಯಾಲೆ ಹೋಗವಲ್ದು."

ನನ್ನ ಸಿಟ್ಟು ಇಳಿಯಿತು. ಅಡ್ಜಸ್ಟ್ ಎಂಬುದು ನಮ್ಮ ಊರಿನ ಕುಲದೇವರು. ಮೂವರ ಸೀಟಿನಲ್ಲಿ ನಾಲ್ಕನೆಯವರನ್ನು "ಥೋಡಾ ಸರಕೋ" ಎಂದು ನಾನೇ ಎಷ್ಟು ಸಲ ಕೂರಿಸಿಲ್ಲ! ಆದರೆ ಗಂಟೆಯ ವಿಷಯ ಬೇರೆ. ಅದನ್ನೇ ಹೇಳಿದೆ.

"ಬಾಗಲದಾಗ ಯಾರದರ ಸೆರಗು ಸಿಕ್ಕಂಗ ಕಂಡ್ರ ನಾ ಗಂಟಿ ಹೊಡೀತಿದ್ದೆ. ಎಷ್ಟೋ ಸಲ ಏನೂ ಇರತಿದ್ದಿಲ್ಲ. ಡ್ರೈವರ್ ಬೈತಿದ್ದ, ಆಫೀಸಿಗೆ ಹೊಂಟ ಮಂದಿ ಬೈತಿದ್ರು. ಬೈಸಿಕೊಂಡು ಮನಿಗೆ ಬಂದು ಉಂಡು ಮಲಗಿದ್ರ ಮುಗೀತು, ಚೊಲೋ ನಿದ್ದಿ ಬರತಿತ್ತು. ಹೊಡೀದ ಬಿಟ್ಟ ದಿನ ಬರತಿದ್ದಿಲ್ಲವ್ವಾ."

ರೂಪಾ ರೊಟ್ಟಿ ತಿಂದಳು, ಹೊತ್ತಿದ್ದನ್ನೂ ಬಿಡಲಿಲ್ಲ.

ಕಡಲ ದಂಡೆ

ಮರುದಿನ ಅವಳಿಗೆ ಬಿಡುವು. ರೈಲಿನಲ್ಲಿ ಒಂದು ಸಣ್ಣ ಕಡಲೂರಿಗೆ ಹೋದೆವು. ಹುಸೇನ್ ಸಾಗರ ನೋಡಿದವಳಿಗೆ ಸಮುದ್ರವೆಂದರೆ ದೊಡ್ಡ ಕೆರೆ ಎಂಬ ಭಾವನೆ, ಇದು ಹಾಗಲ್ಲ. ನೀರು ನೀಲಿ, ದಂಡೆಯಲ್ಲಿ ಒಂದು ಕಾಗದದ ಚೂರಿಲ್ಲ. ನಮ್ಮ ಪ್ಲಾಸ್ಟಿಕ್ ಚೀಲ ಹಾಕಲು ಕಸದ ಡಬ್ಬಿ ಹುಡುಕಿದೆ, ಡಬ್ಬಿಯೂ ಇಲ್ಲ! ಅವರವರ ಕಸ ಅವರವರ ಮನೆಗಂತೆ. ಹಿಂಡಿಯ ಖಾಲಿ ಪೊಟ್ಟಣವನ್ನು ದಿನವಿಡೀ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದೆ.

ರಸ್ತೆ ದಾಟುವಲ್ಲಿ ಒಬ್ಬ ಮುದುಕ ಕೆಂಪು ದೀಪಕ್ಕೆ ಕಾಯುತ್ತ ನಿಂತಿದ್ದ. ಆ ಕಡೆ ಈ ಕಡೆ ಒಂದು ಸೈಕಲ್ಲೂ ಇಲ್ಲ. ನಾನು ದಾಟಲು ಹೋದೆ, ಅವನ ಮುಖ ನೋಡಿ ನಾಚಿಕೆಯಾಗಿ ಹಿಂದೆ ಬಂದು ಪಕ್ಕದಲ್ಲಿ ನಿಂತೆ. ಇಬ್ಬರೂ ಖಾಲಿ ರಸ್ತೆ ನೋಡುತ್ತ ನಿಂತೆವು. ಹಸಿರು ಬಂದಾಗ ಅವನು ನನ್ನನ್ನು ನೋಡಿ ನಕ್ಕ, ದೊಡ್ಡದೇನೋ ಜೊತೆಗೆ ಗೆದ್ದವರ ಹಾಗೆ.

ಹಗ್ಗದ ಮಾತನ್ನು ಆ ದಿನ ನಾನು ಎತ್ತಲೇ ಇಲ್ಲ. ನಾಲಿಗೆ ತುದಿಯವರೆಗೆ ಬಂದಿದ್ದನ್ನು ಚಹಾದ ಜೊತೆ ನುಂಗಿದೆ. ಅತ್ತೆಯಾದವಳಿಗೆ ಬಾಯಿ ಮುಚ್ಚಿಕೊಂಡಿರುವುದಕ್ಕಿಂತ ದೊಡ್ಡ ತಪಸ್ಸು ಇನ್ನೊಂದಿಲ್ಲ. ನಮ್ಮ ಯಜಮಾನರು ನೋಡಿದ್ದರೆ ನಂಬುತ್ತಿರಲಿಲ್ಲ. ಮರಳುವ ರೈಲಿನಲ್ಲಿ ರೂಪಾ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋದಳು, ಅದು ನನಗೆ ಕಡಲಿಗಿಂತ ಹಿತವಾಗಿತ್ತು.

ಶುಕ್ರವಾರ, ಗಾಜಿನ ಹಿಂದೆ

ಭೇಟಿಗೆ ಬಂದವರು ಮೇಲಂತಸ್ತಿನ ಮೊಗಸಾಲೆಯಲ್ಲಿ ಗಾಜಿನ ಹಿಂದೆ ನಿಂತು ನೋಡಬೇಕು. ಕೆಳಗೆ ಕಾರುಗಳು ಮೆಲ್ಲಗೆ, ತೇರಿಗಿಂತ ಮೆಲ್ಲಗೆ, ಒಂದರ ಹಿಂದೊಂದು ಬರುತ್ತಿದ್ದವು. ನಮ್ಮ ನೆಲಮಾಳಿಗೆಯಲ್ಲಿ ಮೀಸೆ ತಿರುವಿ ನಿಂತಿರುವವು ಇಲ್ಲಿ ಕಣ್ಣಿಲ್ಲ, ಕಾಲಿಲ್ಲ, ಮೈ ತುಂಬ ವೈರುಗಳು, ಕೂಸಿನ ಹಾಗೆ. ನೋಡಿ ಕರುಳು ಕರಗಿತು.

ರೂಪಾಳನ್ನು ಕಂಡೆ. ನೀಲಿ ಅಂಗಿ, ಟೋಪಿ, ಕೈಗವಸು. ಬಾಗಿಲು ಬರುತ್ತದೆ, ಸುತ್ತ ರಬ್ಬರಿನ ಅಂಚು ಕೂರಿಸುತ್ತಾಳೆ, ಅಂಗೈಯಲ್ಲಿ ಸವರಿ ನೋಡುತ್ತಾಳೆ, ಬಿಡುತ್ತಾಳೆ. ಮತ್ತೊಂದು. ಅವಳ ತಲೆಯ ಮೇಲೆ ಹಗ್ಗ. ಮೊರಿತಾ ದೂರದಲ್ಲಿ ಕೈ ಕಟ್ಟಿ ನಿಂತಿದ್ದರು. ಅರ್ಧ ಪಾಳಿ ಕಳೆಯಿತು. ಏನೂ ಆಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡೆ.

ಆಮೇಲೆ ಒಂದು ಬಿಳಿ ಕಾರು ಬಂತು. ರೂಪಾ ಅಂಚು ಕೂರಿಸಿದಳು, ಸವರಿದಳು, ಬಿಡಲಿಲ್ಲ. ಮತ್ತೆ ಸವರಿದಳು. ಕಾರು ಮುಂದೆ ಹೋಗುತ್ತಿತ್ತು, ಅದರ ಜೊತೆ ಅವಳೂ ಹೆಜ್ಜೆ ಹಾಕುತ್ತಿದ್ದಳು, ನೆಲದ ಗೆರೆ ಹತ್ತಿರ ಬರುತ್ತಿತ್ತು. ಮುಂದಿನ ಹುಡುಗಿಯ ಕಡೆ ನೋಡಿದಳು. ಆ ಹುಡುಗಿ ತಲೆ ಆಡಿಸಿದಳು, ನಾ ನೋಡಿಕೊಳ್ಳುತ್ತೇನೆ ಬಿಡು ಎನ್ನುವಂತೆ. ರೂಪಾಳ ಕೈ ಮೇಲೆ ಎದ್ದಿತು, ಕೆಳಗಿಳಿಯಿತು. ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ ನಾನು ಗಾಜಿಗೆ ಬಾಯಿ ಹಚ್ಚಿ "ಹೊಡಿಯವ್ವಾ, ಗಂಟಿ ಹೊಡಿ!" ಎಂದೆ. ಪಕ್ಕದಲ್ಲಿದ್ದ ಜಪಾನಿ ದಂಪತಿ ಒಂದು ಹೆಜ್ಜೆ ಸರಿದು ನಿಂತರು.

ಕೈ ಮತ್ತೆ ಎದ್ದಿತು. ಈ ಸಲ ಹಗ್ಗ ಹಿಡಿದು ಎಳೆದಳು.

ಹಾಡು ಬಂತು. ಹಳದಿ ದೀಪ ಹತ್ತಿತು. ಗುಂಪಿನ ಮುಖ್ಯಸ್ಥ ಓಡಿ ಬಂದ, ಇಬ್ಬರೂ ಬಾಗಿಲಿಗೆ ಬಾಗಿದರು, ಅಂಚು ಬಿಚ್ಚಿ ನೋಡತೊಡಗಿದರು. ಕಾರು ಗೆರೆ ಮುಟ್ಟಿತು, ದೀಪ ಕೆಂಪಾಯಿತು, ಲೈನು ನಿಂತಿತು. ಆ ಉದ್ದಕ್ಕೂ, ಕಣ್ಣು ಹಾಯುವವರೆಗೆ, ಎಲ್ಲ ಕಾರುಗಳೂ ನಿಂತವು, ಎಲ್ಲ ಕೈಗಳೂ ನಿಂತವು. ರೂಪಾ ಹೆಗಲು ಕುಗ್ಗಿಸಿ ನಿಂತಿದ್ದಳು. ಪೆಟ್ಟು ಬೀಳುತ್ತದೆ ಎಂದು ಗೊತ್ತಿದ್ದವರು ಹಾಗೆ ನಿಲ್ಲುತ್ತಾರೆ.

ಮೊರಿತಾ ಬಂದರು. ತಾವೂ ಅಂಚನ್ನು ಸವರಿ ನೋಡಿದರು, ಬಾಗಿಲು ಹಾಕಿ ತೆಗೆದು ಮತ್ತೆ ಹಾಕಿದರು. ಆಮೇಲೆ ಟೋಪಿ ತೆಗೆದು ಅವಳಿಗೆ ಬಾಗಿದರು. ನಂತರ ಏನೋ ಕೇಳಿದರು, ಅವಳು ಏನೋ ಹೇಳಿದಳು. ಹಗ್ಗವನ್ನು ಇನ್ನೊಮ್ಮೆ ಎಳೆಯಲು ಅವಳಿಗೇ ಸನ್ನೆ ಮಾಡಿದರು. ಅವಳು ಎಳೆದಳು, ಕಾರುಗಳು ಹೊರಟವು.

ಪಾಳಿ ಮುಗಿಸಿ ಬಂದವಳನ್ನು ಸೈಕಲ್ ನಿಲ್ಲಿಸುವ ಕಡೆ ಹಿಡಿದೆ. "ಏನಿತ್ತು? ರಬ್ಬರ್ ಹರದಿತ್ತೇನು?"

"ಏನೂ ಇರಲಿಲ್ರಿ."

"ಏನೂ ಇರಲಿಲ್ಲ?"

"ಬಾಗಲಾ ಸರೀನ ಇತ್ತು. ನನಗ ಬರೇ ಅನುಮಾನ ಬಂದಿತ್ತು. ಹಂಗಂತ ಅವರಿಗೂ ಹೇಳಿದೆ. ಊರಿಗೆ ಹೋಗಿ ಲೈನ್ ಶುರು ಮಾಡು, ಬರದು ಕೊಡತೀನಿ ಅಂದ್ರು."

ನಾನು ಅವಳ ಕೈ ಹಿಡಿದೆ.

"ಅಷ್ಟು ಮಂದಿ ಕೆಲಸಾ ನಿಲ್ಲಿಸಿದೆ ಅತ್ತಿ" ಎಂದಳು. "ಅದೂ ಏನೂ ಇಲ್ಲದ್ದಕ್ಕ. ಒಬ್ಬರೂ ಬೈಲಿಲ್ಲ."

ಅಷ್ಟು ಹೇಳಿ, ಆ ಸೈಕಲ್ಲುಗಳ ನಡುವೆ ನಿಂತು ಜೋರಾಗಿ ಅಳತೊಡಗಿದಳು. ಬೈಸಿಕೊಂಡು ಅತ್ತವರನ್ನು ನಾನು ನನ್ನ ಬಸ್ಸಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಬೈಯಲಿಲ್ಲವೆಂದು ಅಳುವವರನ್ನು ನೋಡಿದ್ದು ಅದೇ ಮೊದಲು.